ಮೆಟ್ಟಿಲ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್: ಬಿಲ್ಡಿಂಗ್‌ನಲ್ಲಿ ಜಗಳ ಶುರುವಾಗಿದೆ, ಗೊತ್ತಿರುವವರು ಹೇಳಿ

ಶ್ರೀನಗರ ಮೂರನೇ ಮಹಡಿ:

ನಮ್ಮದು ಬೆಂಗಳೂರಿನ ಶ್ರೀನಗರದಲ್ಲಿ ಹಳೇ ಬಿಲ್ಡಿಂಗ್. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಮಹಡಿಗೆ ಎರಡು ಮನೆ. ಲಿಫ್ಟ್ ಇಲ್ಲ. ಹತ್ತಿ ಇಳಿಯಲು ಇರುವುದು ಒಂದೇ ಮೆಟ್ಟಿಲು. ಈಗ ನಾಲ್ಕು ಮನೆಯವರು ಎಲೆಕ್ಟ್ರಿಕ್ ಸ್ಕೂಟರ್ ತಂದಿದ್ದಾರೆ, ನನ್ನದೂ ಸೇರಿ. ಅದರಲ್ಲಿ ಎರಡು ಗಾಡಿ ರಾತ್ರಿಯಿಡೀ ಮೆಟ್ಟಿಲ ಕೆಳಗೇ ಚಾರ್ಜ್ ಆಗುತ್ತವೆ, ಯಾಕೆಂದರೆ ಪ್ಲಗ್ ಪಾಯಿಂಟ್ ಇರುವುದೇ ಅಲ್ಲಿ, ಸಂಪಿನ ಮೋಟರ್‌ಗೆ ಅಂತ ಹಾಕಿಸಿದ್ದು. ಒಂದಕ್ಕೆ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದಿದ್ದಾರೆ. ಪಕ್ಕದಲ್ಲೇ ಹಳೇ ಪೇಪರ್ ಕಟ್ಟು, ಮುರಿದ ಪ್ಲಾಸ್ಟಿಕ್ ಕುರ್ಚಿ, ಮಕ್ಕಳ ಸೈಕಲ್.

ಭಾನುವಾರದ ಮೀಟಿಂಗ್‌ನಲ್ಲಿ ದೊಡ್ಡ ವಾದವೇ ಆಯಿತು. ಓನರ್ ಹೇಳುವುದು, ಕಾಂಪೌಂಡ್ ಒಳಗೆ ಚಾರ್ಜಿಂಗೇ ಬೇಡ. ಗಾಡಿ ಇರುವವರು ಹೇಳುವುದು, ಫೋನ್ ಚಾರ್ಜ್ ಮಾಡುವುದಿಲ್ವಾ, ಇದೂ ಹಾಗೇ ಅಲ್ವಾ ಅಂತ. ನನಗೆ ಎರಡೂ ಸರಿ ಕಾಣುತ್ತಿಲ್ಲ. ಪೂರ್ತಿ ನಿಲ್ಲಿಸಿದರೆ ಜನ ಬ್ಯಾಟರಿ ಬಿಚ್ಚಿಕೊಂಡು ಹೋಗಿ ಮನೆಯ ಹಾಲ್‌ನಲ್ಲಿ ಚಾರ್ಜ್ ಮಾಡುತ್ತಾರೆ, ಅದು ಇನ್ನೂ ಅಪಾಯ. ಈ ಬ್ಯಾಟರಿಗಳ ಕೆಲಸ ಗೊತ್ತಿರುವವರು ಇಲ್ಲಿ ಇದ್ದೀರಿ. ದಯವಿಟ್ಟು ಬಿಡಿಸಿ ಹೇಳಿ. ಮುಂದಿನ ಮೀಟಿಂಗ್‌ಗೆ ಪ್ರಿಂಟ್ ಹಾಕಿ ಒಯ್ಯುತ್ತೇನೆ.

ಪೀಣ್ಯ ಬೆಂಚ್:

ಸರ್, ನಾನು ಬ್ಯಾಟರಿ ಪ್ಯಾಕ್ ಟೆಸ್ಟಿಂಗ್ ಕೆಲಸದಲ್ಲಿ ಇದ್ದೇನೆ. ಉದ್ದ ಆಗುತ್ತದೆ, ಓದಿ.

ಮೊದಲು ಫೋನ್ ಮಾತು. ಫೋನ್ ಬ್ಯಾಟರಿಯಲ್ಲಿ ಸುಮಾರು 20 ವ್ಯಾಟ್-ಅವರ್ ಇರುತ್ತದೆ, ಅಂದರೆ ಅದರಲ್ಲಿ ತುಂಬುವ ವಿದ್ಯುತ್ತಿನ ಅಳತೆ. 3 ಕಿಲೋವ್ಯಾಟ್-ಅವರ್ ಸ್ಕೂಟರ್ ಅಂದರೆ ಸುಮಾರು 150 ಫೋನ್ ಒಂದೇ ಡಬ್ಬದಲ್ಲಿ ಒತ್ತೊತ್ತಾಗಿ ಕೂತ ಹಾಗೆ. ಅದರಲ್ಲಿ ಒಂದು ಸೆಲ್ ಕೆಟ್ಟು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ. ಒಳಗಿನ ತಾಪ 80-90 ಡಿಗ್ರಿ ದಾಟಿದ ಮೇಲೆ ಸೆಲ್ ತಾನೇ ಶಾಖ ಹುಟ್ಟಿಸಲು ಶುರು ಮಾಡುತ್ತದೆ. 130ರ ಆಸುಪಾಸಿನಲ್ಲಿ ಪ್ಲಸ್ ಮೈನಸ್ ಎರಡನ್ನೂ ಬೇರೆ ಇಡುವ ಪ್ಲಾಸ್ಟಿಕ್ ಪದರ ಕರಗುತ್ತದೆ. ಆಗ ಒಳಗೇ ಶಾರ್ಟ್. ಇದಕ್ಕೇ ಥರ್ಮಲ್ ರನ್‌ಅವೇ ಅನ್ನುತ್ತಾರೆ. ನಿಕ್ಕಲ್ ಇರುವ ಸೆಲ್‌ಗಳು ಇನ್ನೂ ಬಿಸಿಯಾದರೆ ಒಳಗಿಂದಲೇ ಆಮ್ಲಜನಕ ಬಿಡುತ್ತವೆ. ಅದಕ್ಕೇ ಕಂಬಳಿ ಹೊದಿಸಿ ಗಾಳಿ ತಡೆದು ಆರಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ.

ಆದರೆ ಜನರನ್ನು ಕೊಲ್ಲುವುದು ಬಹುತೇಕ ಬೆಂಕಿ ಅಲ್ಲ, ಹೊಗೆ. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಏನಾಯಿತು ನೆನಪಿದೆಯಾ? ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಮೇಲೆ ಹೋಟೆಲ್. ಕೆಳಗೆ ಹತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿಕೊಂಡಿತು. 8 ಜನ ಹೋದರು. ಅದೇ ವರ್ಷ ಮಾರ್ಚ್‌ನಲ್ಲಿ ವೆಲ್ಲೂರಿನಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿದ್ದ ಗಾಡಿಯಿಂದ ಅಪ್ಪ ಮಗಳು ಉಸಿರುಕಟ್ಟಿ ತೀರಿಕೊಂಡರು. ನಮ್ಮೂರಲ್ಲೇ 2024ರ ನವೆಂಬರ್‌ನಲ್ಲಿ ರಾಜ್‌ಕುಮಾರ್ ರಸ್ತೆಯ ಸ್ಕೂಟರ್ ಶೋರೂಮ್‌ಗೆ ಬೆಂಕಿ ಬಿದ್ದು ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಒಬ್ಬಳು ಹೊರಗೆ ಬರಲಾಗದೆ ಸತ್ತಳು.

ಹಾಗಾಗಿ ನಿಮ್ಮ ಬಿಲ್ಡಿಂಗ್‌ನಲ್ಲಿ ಮೊದಲ ಪ್ರಶ್ನೆ ಯಾವ ಕಂಪನಿ, ಯಾವ ಬ್ಯಾಟರಿ ಅನ್ನುವುದಲ್ಲ. ಎಲ್ಲಿ ಅನ್ನುವುದು. ಒಂದೇ ಮೆಟ್ಟಿಲು, ಅದರ ಕೆಳಗೇ ಚಾರ್ಜಿಂಗ್. ಅಲ್ಲಿ ಹೊಗೆ ಎದ್ದರೆ ಆರು ಮನೆಯವರೂ ಮೇಲೆ ಸಿಕ್ಕಿಕೊಂಡರು ಅಂತಲೇ ಲೆಕ್ಕ. ಗಾಡಿ ಎಷ್ಟೇ ಒಳ್ಳೆಯದಿರಲಿ, ಜನ ಓಡಿ ಹೊರಬರುವ ದಾರಿಯಲ್ಲಿ ಚಾರ್ಜ್ ಮಾಡಬೇಡಿ. ಗೇಟಿನ ಕಡೆ ತೆರೆದ ಜಾಗಕ್ಕೆ ಪಾಯಿಂಟ್ ಸರಿಸಿ. ಮಿಕ್ಕಿದ್ದೆಲ್ಲ ಆಮೇಲೆ.

ಹೆಬ್ಬಾಳ ಸವಾರ:

ಸುಮ್ನೆ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ಪೆಟ್ರೋಲ್ ಗಾಡಿಗೂ ಬೆಂಕಿ ಹತ್ತುತ್ತದೆ. ಅದನ್ನು ಯಾರೂ ಮೆಟ್ಟಿಲ ಕೆಳಗಿಂದ ತೆಗೆಯಿರಿ ಅನ್ನುವುದಿಲ್ಲ.

ಪೀಣ್ಯ ಬೆಂಚ್:

ಪೆಟ್ರೋಲ್ ಗಾಡಿಗೂ ಹತ್ತುತ್ತದೆ, ಒಪ್ಪುತ್ತೇನೆ. ಎಲೆಕ್ಟ್ರಿಕ್ ಗಾಡಿ ಬೇಡ ಅಂತ ನಾನು ಹೇಳಿಲ್ಲ, ಅದರಲ್ಲೇ ನನ್ನ ಅನ್ನ ಇದೆ. ವ್ಯತ್ಯಾಸ ಇಷ್ಟೇ. ನಿಲ್ಲಿಸಿದ ಪೆಟ್ರೋಲ್ ಗಾಡಿ ಆಫ್ ಆಗಿರುತ್ತದೆ. ಚಾರ್ಜ್‌ಗೆ ಹಾಕಿದ ಗಾಡಿ ಕೆಲಸ ಮಾಡುತ್ತಾ ಇರುತ್ತದೆ, ಅದೂ ಎಲ್ಲರೂ ಮಲಗಿರುವಾಗ. ಪೆಟ್ರೋಲ್ ಗಾಡಿಯನ್ನೂ ಮೆಟ್ಟಿಲ ಕೆಳಗಿಂದ ತೆಗೆದರೆ ಒಳ್ಳೆಯದೇ.

ಬಿಟಿಎಂ ಡೆಲಿವರಿ:

ಅಣ್ಣ, ನಾನು ಡೆಲಿವರಿ ಮಾಡುತ್ತೇನೆ. ಪಿಜಿಯಲ್ಲಿ ಇದ್ದೇನೆ, ರೂಮಿಗೆ ಮೂರು ಜನ, ಮೂರು ಬ್ಯಾಟರಿ. ಬಾಡಿಗೆ ಗಾಡಿ, ಚಿಕ್ಕದು, ನಂಬರ್ ಪ್ಲೇಟ್ ಇಲ್ಲದ್ದು. ಬ್ಯಾಟರಿ ಬಿಚ್ಚಿ ಮೇಲೆ ತಂದು ಮಂಚದ ಪಕ್ಕ ಚಾರ್ಜ್ ಹಾಕುತ್ತೇವೆ. ಕೆಳಗೆ ಪಾಯಿಂಟ್ ಕೊಡಲು ಪಿಜಿಯವರು ಒಪ್ಪುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಬರುತ್ತೇವೆ, ಬೆಳಗ್ಗೆ ಏಳಕ್ಕೆ ಹೊರಡಬೇಕು. ರಾತ್ರಿ ಚಾರ್ಜ್ ಮಾಡಬೇಡಿ ಅಂದರೆ ಯಾವಾಗ ಮಾಡುವುದು? ಇನ್ನೊಂದು ವಿಷಯ, ಒಬ್ಬನ ಚಾರ್ಜರ್ ಕೆಟ್ಟಿದೆ. ನನ್ನದನ್ನೇ ಇಬ್ಬರೂ ಬಳಸುತ್ತಿದ್ದೇವೆ. ಎರಡರ ಮೇಲೂ 48 ವೋಲ್ಟ್ ಅಂತಲೇ ಇದೆ, ಪಿನ್ ಕೂಡ ಕೂರುತ್ತದೆ.

ಪೀಣ್ಯ ಬೆಂಚ್:

ತಮ್ಮ, ಮೊದಲು ಆ ಚಾರ್ಜರ್ ವಿಷಯ. ಇವತ್ತೇ ನಿಲ್ಲಿಸು. ಹೊರಡುವ ಮುಂಚೆ ಎರಡು ಬ್ಯಾಟರಿಯ ಸ್ಟಿಕ್ಕರ್ ಫೋಟೋ ಹಾಕು.

48 ವೋಲ್ಟ್ ಅನ್ನುವುದು ಬರೀ ಹೆಸರು. ಅದರ ಒಳಗೆ ಬೇರೆ ಬೇರೆ ಜಾತಿ ಇವೆ. ನಿಕ್ಕಲ್ ಜಾತಿಯ ಸೆಲ್ ಫುಲ್ ಆಗುವುದು 4.2 ವೋಲ್ಟ್‌ಗೆ. 13 ಸೆಲ್ ಸಾಲಾಗಿ ಹಾಕಿದರೆ ಫುಲ್ ಚಾರ್ಜ್ 54.6 ವೋಲ್ಟ್. ಐರನ್ ಫಾಸ್ಫೇಟ್ ಜಾತಿಯದು ಫುಲ್ ಆಗುವುದು 3.65ಕ್ಕೆ, ಅದನ್ನು 16 ಸೆಲ್ ಹಾಕುತ್ತಾರೆ, ಫುಲ್ ಚಾರ್ಜ್ 58.4. ಎರಡನ್ನೂ ಅಂಗಡಿಯಲ್ಲಿ 48 ವೋಲ್ಟ್ ಅಂತಲೇ ಮಾರುತ್ತಾರೆ. ಈಗ 58.4ರ ಚಾರ್ಜರ್ ತೆಗೆದು 13 ಸೆಲ್ ಪ್ಯಾಕ್‌ಗೆ ಹಾಕಿದರೆ ಒಂದೊಂದು ಸೆಲ್ ಮೇಲೂ 4.49 ವೋಲ್ಟ್ ಬೀಳಲು ನೋಡುತ್ತದೆ. ಆಗ ತಡೆಯಬೇಕಾದದ್ದು ಒಳಗಿನ ಬಿಎಂಎಸ್, ಅಂದರೆ ಸೆಲ್ ಕಾಯುವ ಎಲೆಕ್ಟ್ರಾನಿಕ್ ಬೋರ್ಡ್, ಒಂದೇ. ಅದು ಕಳಪೆ ಇದ್ದರೆ, ಅಥವಾ ನೀರು ಹೋಗಿ ಕೆಟ್ಟಿದ್ದರೆ, ತಡೆಯಲು ಇನ್ನೇನೂ ಇಲ್ಲ. ಹಳೇ ಲೆಡ್ ಆಸಿಡ್ ಗಾಡಿಯ ಚಾರ್ಜರ್ ಹಾಕುವುದೂ ಇಷ್ಟೇ ಅಪಾಯ. ಪಿನ್ ಕೂರುತ್ತದೆ ಅನ್ನುವುದು ಯಾವುದಕ್ಕೂ ಗ್ಯಾರಂಟಿ ಅಲ್ಲ.

ಚಾರ್ಜರ್ ಹಿಂದೆ ಔಟ್‌ಪುಟ್ ಅಂತ ಬರೆದಿರುತ್ತದೆ. ಬ್ಯಾಟರಿ ಸ್ಟಿಕ್ಕರ್ ಮೇಲೆ ಚಾರ್ಜಿಂಗ್ ವೋಲ್ಟೇಜ್ ಇರುತ್ತದೆ. ಎರಡೂ ದಶಾಂಶದವರೆಗೆ ಒಂದೇ ಇರಬೇಕು. ಆಂಪ್ಸ್ ಬ್ಯಾಟರಿ ಹೇಳಿದ್ದಕ್ಕಿಂತ ಜಾಸ್ತಿ ಇರಬಾರದು. ಸ್ಟಿಕ್ಕರ್ ಅಳಿಸಿ ಹೋಗಿದ್ದರೆ ಗಾಡಿ ಕೊಟ್ಟವರ ಹತ್ತಿರ ಹೋಗಿ ಆ ಪ್ಯಾಕ್‌ನದೇ ಚಾರ್ಜರ್ ಕೇಳು. ಬಾಡಿಗೆ ಗಾಡಿ ಅಂದ ಮೇಲೆ ಸರಿಯಾದ ಚಾರ್ಜರ್ ಕೊಡುವುದು ಅವರ ಕೆಲಸ.

ನಿನ್ನಂಥ ಗಾಡಿ ಬಗ್ಗೆ ಇನ್ನೊಂದು ಮಾತು. ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿಲೋಮೀಟರ್ ಒಳಗೆ ಇದ್ದರೆ ರಿಜಿಸ್ಟ್ರೇಷನ್ ಬೇಡ ಅಂತ ನಿಯಮ. ರಿಜಿಸ್ಟರ್ ಆಗುವ ಸ್ಕೂಟರ್‌ಗಳಿಗೆ 2022ರ ಡಿಸೆಂಬರ್‌ನಲ್ಲಿ ಒಂದು ಹಂತ, 2023ರ ಮಾರ್ಚ್ ಕೊನೆಗೆ ಇನ್ನೊಂದು ಹಂತ ಅಂತ ಎಐಎಸ್ 156 ಅನ್ನುವ ಬ್ಯಾಟರಿ ಸುರಕ್ಷತಾ ಮಾನದಂಡದ ಬಿಗಿ ಪರೀಕ್ಷೆಗಳು ಬಂದವು. ಪ್ಯಾಕ್ ಒಳಗೆ ಕನಿಷ್ಠ ನಾಲ್ಕು ಕಡೆ ತಾಪ ಅಳೆಯಬೇಕು, ಒಂದು ಸೆಲ್ ಹೊತ್ತಿದರೆ ಪ್ಯಾಕ್ ಪೂರ್ತಿ ಹೊತ್ತಿ ಉರಿಯಬಾರದು, ಅಪಾಯ ಕಂಡರೆ ಬೆಳಕು ಮತ್ತು ಶಬ್ದದಿಂದ ಎಚ್ಚರಿಸಬೇಕು, ಫುಲ್ ಆದರೆ ಚಾರ್ಜರ್ ತಾನೇ ನಿಲ್ಲಬೇಕು ಅಂತೆಲ್ಲ. ಚಿಕ್ಕ ಗಾಡಿಗಳ ಪ್ಯಾಕ್‌ನಲ್ಲಿ ಇದೆಲ್ಲ ಇದ್ದೇ ಇದೆ ಅಂತ ನಂಬಿಕೊಂಡು ಪಕ್ಕದಲ್ಲಿ ಮಲಗಬೇಡ.

ರಾತ್ರಿಯ ಪ್ರಶ್ನೆ ನಿಜಕ್ಕೂ ಕಷ್ಟದ್ದು. ಬಂದ ತಕ್ಷಣ ಹಾಕಬೇಡ, ಓಡಿಸಿದ ಪ್ಯಾಕ್ ಬಿಸಿ ಇರುತ್ತದೆ. ಅರ್ಧ ಗಂಟೆ ಬಿಡು. ಆಮೇಲೆ ಚಾರ್ಜ್ ಮಾಡುವುದಿದ್ದರೆ ರೂಮಿನ ಹೊರಗೆ, ಬಾಲ್ಕನಿ ಅಥವಾ ಟೆರೇಸ್‌ನಲ್ಲಿ ಮಳೆ ಬೀಳದ ಕಡೆ, ಸಿಮೆಂಟ್ ನೆಲದ ಮೇಲೆ. ಹಾಸಿಗೆ, ಬಟ್ಟೆ, ಬಾಗಿಲು ಹತ್ತಿರ ಬೇಡ. ಮಧ್ಯಾಹ್ನ ಆರ್ಡರ್ ಕಡಿಮೆ ಇರುವಾಗ ಹೊರಗೆ ಒಂದಿಷ್ಟು ಚಾರ್ಜ್ ಮಾಡಿಕೊಂಡರೆ ರಾತ್ರಿ ಹಾಕಬೇಕಾದದ್ದು ಅರ್ಧ ಆಗುತ್ತದೆ. ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ತೆಗೆದುಕೊಳ್ಳುವ ಕೇಂದ್ರಗಳಿರುವ ಕಂಪನಿಯ ಗಾಡಿ ಬಾಡಿಗೆಗೆ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು, ಬ್ಯಾಟರಿ ಮನೆಗೇ ಬರುವುದಿಲ್ಲ.

ಬಿಟಿಎಂ ಡೆಲಿವರಿ:

ನೋಡಿದೆ ಅಣ್ಣ. ನನ್ನದು 54.6, ಅವನದು 58.4 ಅಂತ ಇದೆ. ಅವನ ಬ್ಯಾಟರಿಗೆ ನನ್ನ ಚಾರ್ಜರ್ ಹಾಕುತ್ತಿದ್ದದ್ದು.

ಪೀಣ್ಯ ಬೆಂಚ್:

ಹಾಗಾದರೆ ಬಚಾವ್, ಕಡಿಮೆ ವೋಲ್ಟಿನ ಚಾರ್ಜರ್ ಜಾಸ್ತಿ ವೋಲ್ಟಿನ ಪ್ಯಾಕ್‌ಗೆ ಹೋಗಿದೆ. ಪೂರ್ತಿ ಚಾರ್ಜ್ ಆಗುವುದಿಲ್ಲ ಅಷ್ಟೇ. ಆದರೆ ಅವನ ಚಾರ್ಜರ್ ರಿಪೇರಿ ಆಗಿ ಬಂದು ಅದು ಒಂದು ದಿನ ನಿನ್ನ ಬ್ಯಾಟರಿಗೆ ಹೋದರೆ ಕಥೆ ಉಲ್ಟಾ. ಎರಡಕ್ಕೂ ದೊಡ್ಡದಾಗಿ ಹೆಸರು ಬರೆದ ಟೇಪ್ ಅಂಟಿಸಿ.

ವಯರಿಂಗ್ ಮಾಗಡಿ ರೋಡ್:

ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಎಲ್ಲರೂ ಬ್ಯಾಟರಿ ಬ್ಯಾಟರಿ ಅನ್ನುತ್ತೀರಿ, ಗೋಡೆ ಕಡೆ ಯಾರೂ ನೋಡುವುದಿಲ್ಲ. ನಾನು ನೋಡುವ ಸುಟ್ಟ ಪಾಯಿಂಟ್‌ಗಳಲ್ಲಿ ಜಾಸ್ತಿ ತಪ್ಪು ಪ್ಲಗ್‌ನಲ್ಲಿ. 750 ವ್ಯಾಟ್ ಚಾರ್ಜರ್ ಅಂದರೆ ಮೂರು ಆಂಪ್ಸ್ ಮೇಲೆ ಸ್ವಲ್ಪ, ಅಷ್ಟೇ. ಕೇಳಲು ಕಡಿಮೆ. ಆದರೆ ಮಿಕ್ಸಿ ಎರಡು ನಿಮಿಷ ಓಡುತ್ತದೆ, ಇದು ನಾಲ್ಕೈದು ಗಂಟೆ ಒಂದೇ ಸಮ ಎಳೆಯುತ್ತದೆ. ಸಾಕೆಟ್ ಒಳಗಿನ ಹಿತ್ತಾಳೆ ಸಡಿಲ ಆಗಿದ್ದರೆ ಅಲ್ಲಿ ಕಾಯುತ್ತದೆ. ಪ್ಲಗ್ ಪಿನ್ ಕಪ್ಪಾಗುತ್ತದೆ, ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಮೀನು ಸುಟ್ಟಂಥ ವಾಸನೆ ಬರುತ್ತದೆ.

ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಎಂಸಿಬಿ ಇದೆಯಲ್ಲ ಅಂತ ಜನ ಧೈರ್ಯದಲ್ಲಿ ಇರುತ್ತಾರೆ. ಸಡಿಲ ಕಾಂಟಾಕ್ಟ್‌ಗೆ ಎಂಸಿಬಿ ಬೀಳುವುದಿಲ್ಲ. ಕರೆಂಟ್ ಅದರ ಮಿತಿ ಒಳಗೇ ಇರುತ್ತದೆ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಚಾರ್ಜ್‌ಗೆ ಹಾಕಿ ಅರ್ಧ ಗಂಟೆ ಆದ ಮೇಲೆ ಪ್ಲಗ್‌ನ ಹೊರಮೈಗೆ ಕೈ ಹಿಂಭಾಗ ತಾಗಿಸಿ ನೋಡಿ. ಸ್ವಲ್ಪ ಬೆಚ್ಚಗೆ ಇದ್ದರೆ ಸರಿ. ಕೈ ಇಡಲಾಗದಷ್ಟು ಇದ್ದರೆ ಸ್ವಿಚ್ ಆಫ್ ಮಾಡಿ, ಸಾಕೆಟ್ ಬದಲಾಯಿಸಿ.

ಶ್ರೀನಗರದವರಿಗೆ: ಮೋಟರ್ ಪಾಯಿಂಟ್‌ನಿಂದ ಎಳೆಯಬೇಡಿ. ಮೀಟರ್ ಬೋರ್ಡ್‌ನಿಂದ ಬೇರೆ ಲೈನ್ ತನ್ನಿ, ಗೇಟಿನ ಬಳಿ 16 ಆಂಪ್ಸ್ ಪಾಯಿಂಟ್, ಪ್ರತಿ ಗಾಡಿಗೂ ಒಂದು, ಪ್ರತಿಯೊಂದಕ್ಕೂ ಎಂಸಿಬಿ, ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪ್ಸ್ ಆರ್‌ಸಿಸಿಬಿ. ಅರ್ಥಿಂಗ್ ಚೆಕ್ ಮಾಡಿಸಿ, ಹಳೇ ಬಿಲ್ಡಿಂಗ್‌ಗಳಲ್ಲಿ ಅರ್ಥ್ ಪಿನ್ ಬರೀ ಅಲಂಕಾರಕ್ಕೆ ಇರುತ್ತದೆ. ನಾಲ್ಕು ಗಾಡಿ ಒಟ್ಟಿಗೆ ಹಾಕಿದರೆ 3 ಕಿಲೋವ್ಯಾಟ್ ಆಗುತ್ತದೆ. ನಿಮ್ಮ ಕಾಮನ್ ಮೀಟರ್‌ನ ಮಂಜೂರಾದ ಲೋಡ್ ಎಷ್ಟು ಅಂತ ಬೆಸ್ಕಾಂ ಬಿಲ್‌ನಲ್ಲಿ ನೋಡಿ. ಸಾಲದಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ಎಕ್ಸ್‌ಟೆನ್ಶನ್ ಬೋರ್ಡ್ ಕಸಕ್ಕೆ ಹಾಕಿ, ಅದಂತೂ ಬೇಡವೇ ಬೇಡ.

ಯಲಹಂಕ ಅಮ್ಮ:

ಸ್ಕೂಟರ್ ಮಧ್ಯೆ ನನ್ನ ಪ್ರಶ್ನೆ ಚಿಕ್ಕದು ಅನ್ನಿಸಬಹುದು. ನಮ್ಮ ಅತ್ತೆ ಫೋನ್ ಅನ್ನು ಚಾರ್ಜ್‌ಗೆ ಹಾಕಿ ದಿಂಬಿನ ಕೆಳಗೇ ಇಟ್ಟು ಮಲಗುತ್ತಾರೆ, ರಾತ್ರಿ ಮಗ ಅಮೆರಿಕದಿಂದ ಫೋನ್ ಮಾಡಿದರೆ ಕೇಳಬೇಕು ಅಂತ. ಎಷ್ಟು ಹೇಳಿದರೂ ಕೇಳುವುದಿಲ್ಲ. ಮಗಳ ಆಟದ ಕಾರಿನ ಬ್ಯಾಟರಿ ಬೇರೆ ಸ್ವಲ್ಪ ಊದಿಕೊಂಡ ಹಾಗಿದೆ. ಪವರ್ ಬ್ಯಾಂಕ್ ಕೂಡ ಹಳೆಯದು. ಇವಕ್ಕೆಲ್ಲ ಇಷ್ಟೇ ಹೆದರಬೇಕಾ?

ಗಾಂಧಿನಗರ ರಿಪೇರಿ:

ಮೇಡಂ, ಚಿಕ್ಕ ಪ್ರಶ್ನೆ ಅಲ್ಲವೇ ಅಲ್ಲ. ಮೊಬೈಲ್ ರಿಪೇರಿ ನನ್ನ ಕಸುಬು, ದಿನಾ ಊದಿದ ಬ್ಯಾಟರಿ ನೋಡುತ್ತೇನೆ.

ಆಟದ ಕಾರಿನ ಬ್ಯಾಟರಿಯನ್ನು ಇವತ್ತೇ ಬೇರೆ ಮಾಡಿ. ಊದಿದೆ ಅಂದರೆ ಒಳಗಿನ ದ್ರವ ಒಡೆದು ಗ್ಯಾಸ್ ಆಗಿದೆ. ಅದು ಮತ್ತೆ ಸರಿ ಹೋಗುವುದಿಲ್ಲ. ಕೆಲವರು ಪಿನ್ ಚುಚ್ಚಿ ಗ್ಯಾಸ್ ಬಿಟ್ಟು ಬಳಸುತ್ತಾರೆ, ದಯವಿಟ್ಟು ಯಾರೂ ಮಾಡಬೇಡಿ. ಚುಚ್ಚಿದ ಜಾಗದಲ್ಲೇ ಒಳಗೆ ಶಾರ್ಟ್ ಆಗುತ್ತದೆ. ಚಾರ್ಜ್ ಹಾಕಬೇಡಿ, ಒತ್ತಬೇಡಿ, ಮಡಚಬೇಡಿ. ಎರಡು ವಯರ್‌ನ ತುದಿಗೂ ಬೇರೆ ಬೇರೆಯಾಗಿ ಇನ್ಸುಲೇಷನ್ ಟೇಪ್ ಸುತ್ತಿ. ಮುಚ್ಚಳ ಬಿಗಿ ಮಾಡದ ಮಣ್ಣಿನ ಕುಂಡದಲ್ಲೋ ಸ್ಟೀಲ್ ಡಬ್ಬದಲ್ಲೋ ಒಣ ಮರಳು ಹಾಕಿ ಅದರಲ್ಲಿಟ್ಟು ಬಾಲ್ಕನಿಯಲ್ಲಿ, ಬಿಸಿಲು ಮಳೆ ಬೀಳದ ಕಡೆ ಇಡಿ. ಆಮೇಲೆ ಇ-ತ್ಯಾಜ್ಯಕ್ಕೆ ಕೊಡಿ.

ಫೋನಿಗೂ ಇದೇ ಮಾತು. ಹಿಂದಿನ ಕವರ್ ಮೇಲೆದ್ದರೆ, ಸ್ಕ್ರೀನ್ ಒಂದು ಕಡೆ ಬಿರುಕು ಬಿಟ್ಟ ಹಾಗೆ ತೆರೆದುಕೊಂಡರೆ, ಮೇಜಿನ ಮೇಲಿಟ್ಟಾಗ ಗಿರಗಿರ ತಿರುಗಿದರೆ ಬ್ಯಾಟರಿ ಊದಿದೆ ಅಂತ ಅರ್ಥ. ಒತ್ತಿ ಮುಚ್ಚಲು ಹೋಗಬೇಡಿ. ಆಫ್ ಮಾಡಿ ತನ್ನಿ.

ದಿಂಬಿನ ವಿಷಯ ಹೀಗೆ. ಫೋನ್ ಚಾರ್ಜ್ ಆಗುವಾಗ ಬಿಸಿ ಹೊರಗೆ ಹೋಗಬೇಕು. ದಿಂಬು ಅದನ್ನು ಹೋಗಲು ಬಿಡುವುದಿಲ್ಲ. ಅತ್ತೆಯವರಿಗೆ ಬೇಡ ಅನ್ನುವ ಬದಲು ಒಂದು ಸ್ಟೂಲ್ ಮಂಚದ ಪಕ್ಕ ಇಡಿ, ಅದರ ಮೇಲೆ ಫೋನ್, ರಿಂಗ್ ಜೋರಾಗಿ ಇಡಿ. ಅವರಿಗೆ ಬೇಕಾಗಿರುವುದು ಮಗನ ಫೋನ್ ಕೇಳುವುದು, ಅಷ್ಟೇ ಅಲ್ವಾ?

ಪವರ್ ಬ್ಯಾಂಕ್ ಊದಿಲ್ಲ, ಬಿದ್ದಿಲ್ಲ, ಬಿಸಿ ಆಗುವುದಿಲ್ಲ ಅಂದರೆ ಬಳಸಿ. ಹೊಸದು ಕೊಳ್ಳುವಾಗ ಸರ್ಕಾರಿ ಗುಣಮಟ್ಟ ಸಂಸ್ಥೆ ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಅಂಗೈ ಅಗಲದ ಪವರ್ ಬ್ಯಾಂಕ್ ಮೇಲೆ 50,000 ಎಂಎಎಚ್ ಅಂತ ಬರೆದು ನಾಲ್ಕು ನೂರಕ್ಕೆ ಕೊಟ್ಟರೆ ಆ ಬರಹವೇ ಸುಳ್ಳು.

ಬೆಂಕಿ ಮೇಲಿನ ಕೆಲಸ, ನಿವೃತ್ತ:

ಅಗ್ನಿಶಾಮಕದಲ್ಲಿ ಇದ್ದವನು ನಾನು. ಹೊಗೆ ಬಂದಾಗ ಏನು ಮಾಡಬೇಕು ಅನ್ನುವುದನ್ನು ಯಾರೂ ಬರೆದಿಲ್ಲ, ಅದಕ್ಕೆ ಇದು.

ಫೋನ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್: ಮೊದಲು ಗೋಡೆಯ ಸ್ವಿಚ್ ಆಫ್. ಆಮೇಲೆ ನೀರು. ಒಂದು ಚೊಂಬು ಅಲ್ಲ, ಬಕೆಟ್ ಗಟ್ಟಲೆ. ಲಿಥಿಯಂ ಅಂದರೆ ನೀರು ಹಾಕಬಾರದು ಅಂತ ಬಹಳ ಜನ ನಂಬಿದ್ದಾರೆ. ಅದು ಶುದ್ಧ ಲಿಥಿಯಂ ಲೋಹದ ಮಾತು. ಈ ಬ್ಯಾಟರಿಗಳಲ್ಲಿ ಲೋಹ ಹಾಗೆ ಇರುವುದಿಲ್ಲ. ಇಲ್ಲಿ ಬೇಕಾಗಿರುವುದು ತಂಪು, ಅದನ್ನು ಕೊಡುವುದು ನೀರು. ಬೆಂಕಿ ಆರಿಸುವ ಪುಡಿ ಸಿಲಿಂಡರ್ ಜ್ವಾಲೆ ಕಡಿಮೆ ಮಾಡುತ್ತದೆ, ಅಕ್ಕಪಕ್ಕಕ್ಕೆ ಹತ್ತದ ಹಾಗೆ ತಡೆಯುತ್ತದೆ, ಆದರೆ ಸೆಲ್ ತಣ್ಣಗೆ ಮಾಡುವುದಿಲ್ಲ.

ಸ್ಕೂಟರ್ ಪ್ಯಾಕ್: ನೀವು ಆರಿಸಲು ಹೋಗಬೇಡಿ. ಸುಯ್ ಅಂತ ಸದ್ದು, ಪಟಪಟ ಸಿಡಿಯುವುದು, ಬಿಳಿ ಹೊಗೆ ದಟ್ಟವಾಗಿ ಬರುವುದು ಕಂಡರೆ ನಿಮಗೆ ಸಿಗುವುದು ಸ್ವಲ್ಪವೇ ಸಮಯ. ಆ ಬಿಳಿ ಹೊಗೆ ಬರೀ ಹೊಗೆ ಅಲ್ಲ, ಹೊತ್ತಿಕೊಳ್ಳುವ ಗ್ಯಾಸ್. ಮುಚ್ಚಿದ ರೂಮಿನಲ್ಲಿ ತುಂಬಿಕೊಂಡು ಕಿಡಿ ತಾಗಿದರೆ ಒಮ್ಮೆಲೇ ಸಿಡಿಯುತ್ತದೆ. ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶ ಸುಡುತ್ತದೆ. ಎಲ್ಲರನ್ನೂ ಎಬ್ಬಿಸಿ, ಹೊರಡಿ, ದಾಟಿ ಬಂದ ಬಾಗಿಲು ಮುಚ್ಚಿಕೊಂಡು ಹೊರಡಿ. ಹೋಗುವ ದಾರಿಯಲ್ಲೇ ಮೇನ್ ಸ್ವಿಚ್ ಇದ್ದರೆ ಮಾತ್ರ ಆಫ್ ಮಾಡಿ. 101 ಅಥವಾ 112ಕ್ಕೆ ಫೋನ್ ಮಾಡಿ ಬ್ಯಾಟರಿ ಬೆಂಕಿ ಅಂತ ಸ್ಪಷ್ಟವಾಗಿ ಹೇಳಿ, ಎಷ್ಟನೇ ಮಹಡಿ ಹೇಳಿ.

ಕೆಳಗೆ ಹೊಗೆ ತುಂಬಿ ಮೆಟ್ಟಿಲು ಕಾಣದಿದ್ದರೆ ಇಳಿಯಲು ಹೋಗಬೇಡಿ. ಮನೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಬಾಲ್ಕನಿಗೆ ಹೋಗಿ ಕೂಗಿ. ಟೆರೇಸ್ ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ನಮ್ಮ ಊರಲ್ಲಿ ಜಾಸ್ತಿ. ರಾತ್ರಿ ಹೊತ್ತು ಬೀಗದ ಕೈ ಓನರ್ ಮನೆಯ ಮೊಳೆಗೆ ನೇತಾಡುತ್ತಿರುತ್ತದೆ. ಅದನ್ನು ತೆಗೆಯಿರಿ, ಒಳಗಿಂದ ಚಿಲಕ ಸಾಕು.

ಆರಿದ ಮೇಲೂ ನಂಬಬೇಡಿ. ಗಂಟೆಗಟ್ಟಲೆ, ಕೆಲವು ಸಲ ದಿನಗಳಾದ ಮೇಲೂ ಮತ್ತೆ ಹತ್ತಿಕೊಳ್ಳುತ್ತದೆ. ಸುಟ್ಟ ಗಾಡಿಯನ್ನು ಬಿಲ್ಡಿಂಗ್‌ನಿಂದ 15 ಮೀಟರ್ ಆದರೂ ದೂರ ಬಯಲಲ್ಲಿ ಇಡಬೇಕು.

ಯಲಹಂಕ ಅಮ್ಮ:

ಟೆರೇಸ್ ಬೀಗದ ಮಾತು ಓದಿ ಎದೆ ಧಸಕ್ ಅಂತು. ನಮ್ಮಲ್ಲೂ ಹಾಗೇ ಇದೆ. ನಾಳೆಯೇ ಹೇಳುತ್ತೇನೆ.

ಗಾಂಧಿನಗರ ರಿಪೇರಿ:

ಮೇಡಂ, ಮಗಳ ಆಟಿಕೆ ಅಂದಿರಿ, ಒಂದು ಸೇರಿಸುತ್ತೇನೆ. ರಿಮೋಟ್, ತೂಕದ ಯಂತ್ರ, ಹಾಡುವ ಗೊಂಬೆಗಳಲ್ಲಿ ನಾಣ್ಯದಂಥ ಸೆಲ್ ಇರುತ್ತದೆ. ಅದು ಚಾರ್ಜ್ ಮಾಡುವ ಜಾತಿ ಅಲ್ಲ, ಆದರೂ ಹೇಳಲೇಬೇಕು. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಓಡಿ.

ಕೆಂಗೇರಿ ಲೆಕ್ಕ:

ಬೆಂಕಿ ಬಿಟ್ಟು ಬಾಳಿಕೆ ಬಗ್ಗೆ ಯಾರಾದರೂ ಹೇಳಿ. ನೂರಕ್ಕೆ ಚಾರ್ಜ್ ಮಾಡಬಾರದು, ಎಂಬತ್ತಕ್ಕೆ ನಿಲ್ಲಿಸಬೇಕು ಅನ್ನುತ್ತಾರೆ. ಇನ್ನೊಬ್ಬರು ಪೂರ್ತಿ ಸೊನ್ನೆ ಮಾಡಿ ಆಮೇಲೆ ಹಾಕಬೇಕು ಅನ್ನುತ್ತಾರೆ. ಮನೆಗೆ ಲಿಥಿಯಂ ಇನ್ವರ್ಟರ್ ಕೂಡ ತಂದಿದ್ದೇನೆ.

ಪೀಣ್ಯ ಬೆಂಚ್:

ಸೊನ್ನೆ ಮಾಡುವುದು ಹಳೇ ನಿಕ್ಕಲ್ ಕ್ಯಾಡ್ಮಿಯಂ ಕಾಲದ ಮಾತು. ಲಿಥಿಯಂ ಅಯಾನ್‌ಗೆ ಅದು ಕೆಟ್ಟದ್ದು. ಸೆಲ್ ವೋಲ್ಟೇಜ್ ತೀರಾ ಇಳಿದರೆ ಒಳಗಿನ ತಾಮ್ರ ಕರಗಲು ಶುರುವಾಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಒಳಗೆ ಶಾರ್ಟ್ ಮಾಡಬಹುದು. ಬಹಳ ಕಾಲ ಸತ್ತು ಬಿದ್ದಿದ್ದ ಪ್ಯಾಕ್ ಅನ್ನು ಎಬ್ಬಿಸಿಕೊಡುತ್ತೇನೆ ಅಂತ ಯಾರಾದರೂ ನೇರ ವಯರ್ ಕೊಟ್ಟು ಚಾರ್ಜ್ ಮಾಡಲು ಬಂದರೆ ಬೇಡ ಅನ್ನಿ.

ಎಂಬತ್ತರ ಮಾತು ನಿಕ್ಕಲ್ ಜಾತಿಗೆ ನಿಜ. ದಿನಾ 20ರಿಂದ 80ರ ಒಳಗೆ ಓಡಿಸಿದರೆ ಜಾಸ್ತಿ ವರ್ಷ ಬರುತ್ತದೆ. ನೂರು ಮಾಡಿದ ತಕ್ಷಣ ಅಪಾಯ ಅಂತಲ್ಲ. ನೂರಿಗೆ ತುಂಬಿ ಬಿಸಿಲಲ್ಲಿ ವಾರಗಟ್ಟಲೆ ನಿಲ್ಲಿಸುವುದು ಅದಕ್ಕೆ ಕೆಟ್ಟದ್ದು. ಊರಿಗೆ ಹೋಗುವಾಗ ಅರ್ಧದಷ್ಟು ಚಾರ್ಜ್ ಇಟ್ಟು, ಪ್ಲಗ್ ತೆಗೆದು, ನೆರಳಲ್ಲಿ ನಿಲ್ಲಿಸಿ ಹೋಗಿ. ನಿಮ್ಮ ಇನ್ವರ್ಟರ್ ಬಹುತೇಕ ಐರನ್ ಫಾಸ್ಫೇಟ್ ಇರುತ್ತದೆ. ಅದಕ್ಕೆ ಆಗಾಗ ಪೂರ್ತಿ ನೂರು ಆಗಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆ ಅನ್ನುವ ಲೆಕ್ಕ ಬಿಎಂಎಸ್‌ಗೆ ತಪ್ಪುತ್ತದೆ. ಈ ಜಾತಿ ಶಾಖಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ಕೆಟ್ಟರೆ ಇದೂ ಹೊತ್ತಿಕೊಳ್ಳುವ ಗ್ಯಾಸ್ ಬಿಡುತ್ತದೆ. ಬಚ್ಚಲಿನ ಅಟ್ಟದ ಮೇಲೆ, ದೇವರ ಮನೆ ಪಕ್ಕದ ಮುಚ್ಚಿದ ಕಬೋರ್ಡ್‌ನಲ್ಲಿ ಇಡಬೇಡಿ.

ಬಿಸಿ ಬಗ್ಗೆ ಒಂದು ಮಾತು. ಬೆಂಗಳೂರು ತಂಪು ಅಂತ ನಾವು ಅಂದುಕೊಳ್ಳುತ್ತೇವೆ. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಕಂಡಿದೆ, ಅದೂ ನೆರಳಿನ ಅಳತೆ. ಬಿಸಿಲಲ್ಲಿ ನಿಂತ ಗಾಡಿಯ ಸೀಟಿನ ಕೆಳಗೆ ಅದಕ್ಕಿಂತ ಜಾಸ್ತಿ. ಹೆಚ್ಚಿನ ಸೆಲ್‌ಗಳಿಗೆ ಚಾರ್ಜ್ ಮಾಡಲು ಹೇಳಿರುವ ಮೇಲಿನ ಮಿತಿ 45 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಆಫೀಸ್ ಪಾರ್ಕಿಂಗ್‌ನಲ್ಲಿ ಬಿಸಿಲಿಗೆ ನಿಲ್ಲಿಸಿ ಅಲ್ಲೇ ಚಾರ್ಜ್ ಹಾಕುವವರು ಇದನ್ನು ನೆನಪಿಡಿ.

ಬೆಳ್ಳಂದೂರು ಬೇಸ್‌ಮೆಂಟ್:

2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಬೇಸ್‌ಮೆಂಟ್ ತುಂಬಿ ಗಾಡಿಗಳು ಮುಳುಗಿದ್ದವು. ಆಗ ಎಲೆಕ್ಟ್ರಿಕ್ ಗಾಡಿ ಕಡಿಮೆ. ಈಗ ಸಾಲು ಸಾಲು ಇವೆ. ಪ್ಯಾಕ್ ನೀರಿಗೆ ಏನೂ ಆಗದ ಐಪಿ 67 ಅಂತ ಮಾರುವವರು ಹೇಳುತ್ತಾರೆ. ಹಾಗಾದರೆ ಮುಳುಗಿದರೂ ಚಿಂತೆ ಇಲ್ವಾ?

ಪೀಣ್ಯ ಬೆಂಚ್:

ಐಪಿ 67 ಅಂದರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ. ಅದೂ ಹೊಸ ಪ್ಯಾಕ್, ಶುದ್ಧ ನೀರು. ಬೆಳ್ಳಂದೂರಿನ ನೀರು ಯಾವ ನೀರು ಅಂತ ನಿಮಗೇ ಗೊತ್ತು, ಮತ್ತು ಅದು ಅರ್ಧ ಗಂಟೆಗೆ ಇಳಿಯುವುದಿಲ್ಲ. ಮುಳುಗಿದ ಗಾಡಿಯನ್ನು ಒಣಗಿಸಿ ನೋಡೋಣ ಅಂತ ಚಾರ್ಜ್ ಹಾಕಬೇಡಿ, ಆನ್ ಕೂಡ ಮಾಡಬೇಡಿ. ತಳ್ಳಿಕೊಂಡು ಬಯಲಿಗೆ ತಂದು ಸರ್ವಿಸ್‌ನವರನ್ನು ಕರೆಸಿ. ಒಳಗೆ ಸೇರಿದ ನೀರಿನ ಕೆಲಸ ನಿಧಾನ, ಕೆಲವು ದಿನ ಬಿಟ್ಟು ಬೆಂಕಿ ಹತ್ತುವುದುಂಟು.

ವಯರಿಂಗ್ ಮಾಗಡಿ ರೋಡ್:

ಅದಕ್ಕಿಂತ ಮೊದಲು ಕರೆಂಟ್. ನೀರು ನಿಂತ ಬೇಸ್‌ಮೆಂಟ್‌ಗೆ ಮೇನ್ ಆಫ್ ಆಗದೆ ಯಾರೂ ಇಳಿಯಬಾರದು. 2025ರ ಮೇ ಮಳೆಯಲ್ಲಿ ಬಿಟಿಎಂ ಕಡೆ ಬೇಸ್‌ಮೆಂಟ್ ನೀರು ಖಾಲಿ ಮಾಡಲು ಹೋಗಿ ಶಾಕ್ ಹೊಡೆದು ಇಬ್ಬರು ಸತ್ತರು, ಒಬ್ಬ ಹುಡುಗ. ಚಾರ್ಜಿಂಗ್ ಪಾಯಿಂಟ್ ನೆಲದಿಂದ ಎದೆ ಎತ್ತರಕ್ಕೆ ಹಾಕಿಸಿ, ಆಫ್ ಮಾಡುವ ಮೇನ್ ನೆಲಮಹಡಿಯಲ್ಲಿ ಇರಲಿ.

ಹೆಬ್ಬಾಳ ಸವಾರ:

ಮೇಲೆ ವಾದ ಮಾಡಿದ್ದೆ, ಈಗ ಒಂದು ಪ್ರಶ್ನೆ ಕೇಳುತ್ತೇನೆ. ವಿಮಾನದಲ್ಲಿ ಪವರ್ ಬ್ಯಾಂಕ್ ಬಗ್ಗೆ ಏನು ನಿಯಮ? ದೇವನಹಳ್ಳಿಯಲ್ಲಿ ಪಕ್ಕದವರ ಬ್ಯಾಗ್ ಬಿಚ್ಚಿಸಿ ತೆಗೆಸಿದರು.

ಗಾಂಧಿನಗರ ರಿಪೇರಿ:

ಚೆಕ್-ಇನ್ ಬ್ಯಾಗ್‌ನಲ್ಲಿ ಬೇಡ, ಕೈಯಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್ ಒಳಗೆ ಇರಬೇಕು. 20,000 ಎಂಎಎಚ್ ಅಂದರೆ 3.7ರಿಂದ ಗುಣಿಸಿ 74, ಸರಿ. 100ರಿಂದ 160ಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು, ಅದರ ಮೇಲೆ ಬಿಡುವುದೇ ಇಲ್ಲ. ಕೆಳಗಿನ ಲಗೇಜ್ ಜಾಗದಲ್ಲಿ ಹೊಗೆ ಬಂದರೆ ಯಾರಿಗೂ ಕಾಣುವುದಿಲ್ಲ, ಅದಕ್ಕೇ ಈ ನಿಯಮ. 2025ರ ಜನವರಿಯಲ್ಲಿ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನವೇ ಸುಟ್ಟುಹೋಯಿತು, ತಲೆ ಮೇಲಿನ ಲಗೇಜ್ ಕಡೆಯಿಂದ ಹತ್ತಿತ್ತು. ಹಾಗಾಗಿ ಮೇಲೆ ಕೂಡ ಇಡದೆ ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಿ.

ಶ್ರೀನಗರ ಮೂರನೇ ಮಹಡಿ:

ಎಲ್ಲರಿಗೂ ಧನ್ಯವಾದ. ಮೀಟಿಂಗ್ ಆಯಿತು. ಇದನ್ನೆಲ್ಲ ಓದಿ ಹೇಳಿದೆ. ಸಿಕಂದರಾಬಾದ್ ಮಾತು ಬಂದಾಗ ಯಾರೂ ಎದುರು ಮಾತಾಡಲಿಲ್ಲ. ಚಾರ್ಜಿಂಗ್ ನಿಲ್ಲಿಸುವುದು ಬೇಡ, ಜಾಗ ಬದಲಾಯಿಸೋಣ ಅಂತ ಓನರ್ ಒಪ್ಪಿದ್ದಾರೆ. ಗೇಟಿನ ಎಡಗಡೆ ಸಂಪಿಗೆ ಮರದ ಪಕ್ಕ ತಗಡಿನ ಚಾವಣಿ ಹಾಕಿಸಿ ನಾಲ್ಕು ಪಾಯಿಂಟ್. ಖರ್ಚು ಗಾಡಿ ಇರುವ ನಾವು ಹಂಚಿಕೊಳ್ಳುತ್ತೇವೆ. ಲೋಡ್‌ಗೆ ಅರ್ಜಿ ಹಾಕಬೇಕು. ಅದು ಆಗುವವರೆಗೆ ಒಂದು ಸಲಕ್ಕೆ ಎರಡೇ ಗಾಡಿ, ರಾತ್ರಿ ಹತ್ತೂವರೆಗೆ ಪ್ಲಗ್ ತೆಗೆಯುವುದು. ಪೇಪರ್ ಕಟ್ಟು, ಕುರ್ಚಿ ಎಲ್ಲ ಗುಜರಿಗೆ ಹೋಯಿತು. ಟೆರೇಸ್ ಬೀಗವೂ ತೆಗೆದರು.

ಒಂದೇ ಪ್ರಶ್ನೆ ಉಳಿದಿದೆ. ಕುರ್ಚಿ ಎತ್ತುವಾಗ ಹಿಂದೆ ಒಂದು ಹಳೇ ಸ್ಕೂಟರ್ ಪ್ಯಾಕ್ ಸಿಕ್ಕಿತು, ಖಾಲಿ ಮಾಡಿ ಹೋದ ಬಾಡಿಗೆಯವರದ್ದು. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳಿದ. ಕೊಡಬಹುದಾ?

ಪೀಣ್ಯ ಬೆಂಚ್:

ಕೊಡಬೇಡಿ ಸರ್. ಅವನು ಸುತ್ತಿಗೆಯಿಂದ ಒಡೆಯುತ್ತಾನೆ, ಅಥವಾ ಸೆಲ್ ಬಿಡಿಸಿ ಹೊಸ ಕವರ್ ಹಾಕಿ ಯಾರಿಗೋ ಮಾರುತ್ತಾರೆ. ಕಸದ ಗಾಡಿಗೂ ಬೇಡ. ಕಾಂಪ್ಯಾಕ್ಟರ್ ಒತ್ತಿದಾಗ ಸೆಲ್ ಚಪ್ಪಟೆಯಾಗಿ ಅಲ್ಲೇ ಹೊತ್ತುತ್ತದೆ, ಪಕ್ಕದಲ್ಲಿ ಪೌರಕಾರ್ಮಿಕರು ನಿಂತಿರುತ್ತಾರೆ.

2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ನಮ್ಮ ಪಾಲಿನ ಕೆಲಸ ಬೇರೆ ಕಸದ ಜೊತೆ ಸೇರಿಸದೆ ಕೊಡುವುದು. ಪ್ಯಾಕ್ ಮೇಲೆ ಕಂಪನಿ ಹೆಸರು ಇದ್ದರೆ ಅವರ ಸರ್ವಿಸ್ ಸೆಂಟರ್‌ಗೆ ಮೊದಲು ಫೋನ್ ಮಾಡಿ. ಇಲ್ಲದಿದ್ದರೆ ಪರವಾನಗಿ ಇರುವ ಇ-ತ್ಯಾಜ್ಯ ಕಂಪನಿ. ಬೆಂಗಳೂರಿಗೆ ಇದು ಹೊಸದಲ್ಲ, ದಾಬಸ್‌ಪೇಟೆಯಲ್ಲಿ ಇ-ಪರಿಸರ 2005ರಿಂದ ಇ-ತ್ಯಾಜ್ಯದ ಕೆಲಸ ಮಾಡುತ್ತಿದೆ. ಯಾರಿಗೆ ಕೊಡುವುದಾದರೂ ಲಿಥಿಯಂ ಸ್ಕೂಟರ್ ಪ್ಯಾಕ್, ಇಷ್ಟು ಕೆಜಿ ಅಂತ ಮೊದಲೇ ಹೇಳಿ ಕೇಳಿಕೊಳ್ಳಿ. ಎಲ್ಲರೂ ತೆಗೆದುಕೊಳ್ಳುವುದಿಲ್ಲ.

ಅಲ್ಲಿಯವರೆಗೆ ಕನೆಕ್ಟರ್ ಬಾಯಿಗೆ ಟೇಪ್ ಹಾಕಿ ಮೆಟ್ಟಿಲಿಂದ ದೂರ, ಕಾಂಪೌಂಡ್ ಮೂಲೆಯಲ್ಲಿ ಇಟ್ಟಿಗೆ ಮೇಲೆ ಇಡಿ, ಮಳೆ ಬೀಳದ ಹಾಗೆ ಮೇಲೆ ತಗಡು. ಊದಿದೆಯಾ, ಸಿಹಿ ವಾಸನೆ ಬರುತ್ತಿದೆಯಾ ನೋಡಿ. ಬಂದರೆ ಮುಟ್ಟದೆ ಅಗ್ನಿಶಾಮಕಕ್ಕೆ ಹೇಳಿ. ಚಾರ್ಜ್ ಇದೆಯಾ ಅಂತ ಪರೀಕ್ಷೆ ಮಾಡಲು ಯಾರಿಗೂ ಬಿಡಬೇಡಿ.

ಶ್ರೀನಗರ ಮೂರನೇ ಮಹಡಿ:

ಊದಿಲ್ಲ, ವಾಸನೆಯೂ ಇಲ್ಲ. ಟೇಪ್ ಹಾಕಿ ಹೊರಗೆ ಇಟ್ಟೆ. ಕಂಪನಿ ಹೆಸರು ಅರ್ಧ ಕಾಣುತ್ತಿದೆ, ನಾಳೆ ಬೆಳಗ್ಗೆ ಫೋನ್ ಮಾಡುತ್ತೇನೆ.